ಕನ್ನಡ ಕೇಳಿದರೆ ಕನ್ನಡಿ ಕೊಟ್ಟರು

ಮುಂದಿನ ಸಲ ಊರಿಗೆ ಹೋದಾಗ ಒಂದು ಸಣ್ಣ ಕೆಲಸ ಮಾಡಿ. ಕೊಟ್ಟಿಗೆಯ ಮಾಡಿನಲ್ಲೋ ಪಂಪ್‌ಸೆಟ್ ಮನೆಯ ಗೂಡಿನಲ್ಲೋ ಸಿಕ್ಕಿಸಿಟ್ಟ ಔಷಧಿ ಪೊಟ್ಟಣ ಒಂದು ಸಿಕ್ಕೇ ಸಿಗುತ್ತೆ. (ವಿಷಕ್ಕೆ ಔಷಧಿ ಅನ್ನೋ ಜನ ನಾವು. ಅದಿರಲಿ.) ಬೆಳ್ಳಿ ಥರ ಮಿಂಚೋ ಪೌಚ್ ಆಗಿದ್ದರೆ ಇನ್ನೂ ಒಳ್ಳೇದು. ಅದನ್ನು ಬಿಸಿಲಿಗೆ ತಂದು, ಹಿಂಬದಿ ತಿರುಗಿಸಿ, ಎರಡು ಸಂಗತಿ ಹುಡುಕಿ. ಒಂದು ಬಾರ್‌ಕೋಡ್. ಇನ್ನೊಂದು, ಎಷ್ಟು ನೀರಿಗೆ ಎಷ್ಟು ಗ್ರಾಂ ಹಾಕಬೇಕು ಅಂತ ಕನ್ನಡದಲ್ಲಿ ಬರೆದಿರೋ ಸಾಲು. ಬಾರ್‌ಕೋಡ್ ಕಣ್ಣು ಹಾಯಿಸಿದ ಕೂಡಲೇ ಸಿಗುತ್ತೆ, ಯಾಕಂದ್ರೆ ಅದು ಅಚ್ಚ ಬಿಳಿ ಚೌಕದೊಳಗೆ ಕೂತಿರುತ್ತೆ. ಕನ್ನಡದ ಸಾಲಿಗೆ ಮಾತ್ರ ಪೊಟ್ಟಣವನ್ನು ಆ ಕಡೆ ಈ ಕಡೆ ವಾಲಿಸಬೇಕು, ಅಂಗೈ ಅಡ್ಡ ಹಿಡಿದು ನೆರಳು ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅದರಲ್ಲಿ ನಿಮ್ಮದೇ ಮುಖ ಕಾಣುತ್ತೆ. ನೋಡಿ ಆದಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ.

ಎಲ್ಲ ಕಂಪನಿಯ ಎಲ್ಲ ಪೊಟ್ಟಣವೂ ಹೀಗೇ ಅಂತ ನಾನು ಹೇಳ್ತಿಲ್ಲ. ಶಿಸ್ತಾಗಿ ಬಿಳಿ ಹಿನ್ನೆಲೆ ಕೊಟ್ಟು ಅಚ್ಚು ಹಾಕಿಸೋರೂ ಇದ್ದಾರೆ. ಆದರೆ ತ್ಯಾವಣಿಗೆ ಸುತ್ತಮುತ್ತಲ ಗೊಬ್ಬರದಂಗಡಿಗಳಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದವುಗಳಲ್ಲಿ ಓದೋಕಾಗದ ಪೊಟ್ಟಣಗಳು ಸಾಕಷ್ಟಿದ್ದವು. ನನ್ನ ಜಗಳ ಅವುಗಳಿಗೆ ‘ಓಕೆ’ ಅಂತ ಸಹಿ ಹಾಕಿದವರ ಜೊತೆ. ಲೋಹದ ಹೊಳಪಿನ ಮೇಲೆ ಅಚ್ಚಾಗೋದನ್ನ ಬಿಳಿ ಕಾಗದದ ಮೇಲೆ ನೋಡಿ, ಇನ್ನೂ ಕಡೆಯಾಗಿ ಲ್ಯಾಪ್‌ಟಾಪಿನ ಪಿಡಿಎಫ್‌ನಲ್ಲಿ ನೋಡಿ ಒಪ್ಪಿಬಿಡ್ತಾರಲ್ಲ, ಅದಕ್ಕೆ ಪ್ರೂಫ್ ನೋಡೋದು ಅಂತ ಹೆಸರಿಡಬೇಡಿ.

ನಮ್ಮ ಕಡೆಯ ಲೆಕ್ಕ ಹೇಳ್ತೀನಿ. ಚನ್ನಗಿರಿ ತಾಲ್ಲೂಕು ಅಂದರೆ ಭದ್ರಾ ನಾಲೆ, ಸೂಳೆಕೆರೆ, ಭತ್ತ, ಅಡಿಕೆ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹೋದಂಗೆಲ್ಲ ಮೆಕ್ಕೆಜೋಳ. ಈ ಮೆಕ್ಕೆಜೋಳಕ್ಕೆ 2018ರಲ್ಲಿ ಹೊಸ ಹುಳು ಬಿತ್ತು. ಫಾಲ್ ಆರ್ಮಿವರ್ಮ್ ಅಂತ ಹೆಸರು, ಮೂಲ ಅಮೆರಿಕ ಖಂಡ, ಆಫ್ರಿಕಾವನ್ನೆಲ್ಲ ತಿಂದು ಮುಗಿಸಿ ಈ ಕಡೆ ಬಂದದ್ದು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಶಿವಮೊಗ್ಗದಲ್ಲಿ, ಆ ವರ್ಷದ ಮೇ ತಿಂಗಳಲ್ಲಿ. ಅದಕ್ಕೆ ಶಿಫಾರಸು ಮಾಡಿದ ಔಷಧಿಗಳಲ್ಲಿ ಒಂದು ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ. ಪ್ರಮಾಣ ಲೀಟರಿಗೆ 0.4 ಗ್ರಾಂ.

ಆ ಚುಕ್ಕೆ ನೋಡಿದ್ರಾ? ನೀವು ಬಿಳಿ ಹಾಳೆ ಮೇಲೆ ಓದ್ತಿದ್ದೀರಿ, ಅದಕ್ಕೇ ಕಾಣ್ತು. ಬೆನ್ನಿಗೆ ಹಾಕ್ಕೊಳ್ಳೋ 16 ಲೀಟರಿನ ಟ್ಯಾಂಕಿಗೆ ಇದು 6.4 ಗ್ರಾಂ ಆಗುತ್ತೆ. ಚುಕ್ಕೆ ಹೊಳಪಿನಲ್ಲಿ ಕರಗಿ ‘04’ ಅಂತ ಕಂಡರೆ ಯಾರಾದರೂ ನಾಲ್ಕು ಅಂತಲೇ ಓದ್ತಾರೆ, ಆಗ 64 ಗ್ರಾಂ. ಬೆಲೆ ನೋಡಿ ಅಷ್ಟು ಸುರಿಯೋ ಧೈರ್ಯ ಯಾರಿಗೂ ಬರಲಿಕ್ಕಿಲ್ಲ. ಹಾಗಾಗಿ ಓದೋಕಾಗದ ರೈತ ಅಂಗಡಿಯವನ ಬಾಯಿಮಾತಿಗೆ ಬೀಳ್ತಾನೆ: “ಟ್ಯಾಂಕಿಗೆ ಒಂದು ಮುಚ್ಚಳ ಹಾಕು.” ಯಾವ ಡಬ್ಬಿಯ ಮುಚ್ಚಳ, ತುಂಬಾನೋ ಅರ್ಧಾನೋ, ದೇವರಿಗೇ ಗೊತ್ತು.

ನಮ್ಮ ದೊಡ್ಡಪ್ಪ ಎಸ್ಸೆಸ್ಸೆಲ್ಸಿ ಓದಿದೋರು. ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪೇಪರನ್ನ ಹರಾಜು ನೋಟಿಸಿನ ತನಕ ಓದಿ ಮುಗಿಸೋ ಆಸಾಮಿ. ಒಂದು ಸಲ ಪೊಟ್ಟಣ ನನ್ನ ಕೈಗಿಟ್ಟು, “ನೀನು ಇಂಜಿನಿಯರ್ ಅಲ್ಲೇನಪ್ಪ, ಇದ್ರಾಗೆ ಏನ್ ಬರ್ದೈತೆ ಹೇಳು. ನನಗೆ ಬರೀ ಥಳಥಳ ಅಂತೈತೆ” ಅಂದರು. ನನಗೂ ಥಳಥಳ ಅಂತಲೇ ಇತ್ತು.

ಯಾಕೆ ಹೀಗಾಗುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ವರ್ಷ ನಾನು ಪ್ಯಾಕೇಜಿಂಗ್ ಆರ್ಟ್‌ವರ್ಕ್ ಅಪ್ರೂವಲ್‌ನ ಸಾಫ್ಟ್‌ವೇರ್ ಮಾಡೋ ಟೀಮಿನಲ್ಲಿದ್ದೆ, ಅಲ್ಲಿ ಕಲಿತದ್ದು. ಪೌಚ್ ಅನ್ನೋದು ಒಂದು ಹಾಳೆಯಲ್ಲ, ಪದರ ಪದರ. ಹೊರಗೆ ಪಾರದರ್ಶಕ ಪಾಲಿಯೆಸ್ಟರ್ ಫಿಲ್ಮು, ಸಾಮಾನ್ಯವಾಗಿ 12 ಮೈಕ್ರಾನ್ ದಪ್ಪ. ನಡುವೆ ಅಲ್ಯೂಮಿನಿಯಂ ಹಾಳೆ, ಇಲ್ಲವೇ ಅಲ್ಯೂಮಿನಿಯಂ ಆವಿಯನ್ನು ಹಿಡಿಸಿದ ಇನ್ನೊಂದು ಫಿಲ್ಮು. ಒಳಗೆ ಬಿಸಿ ಮಾಡಿದರೆ ಅಂಟಿಕೊಳ್ಳೋ ಪಾಲಿಥೀನ್. ತೇವ, ಗಾಳಿ, ಬೆಳಕು ತಡೆಯೋದು ಆ ಲೋಹದ ಪದರ. ಪುಡಿ, ಹರಳು ರೂಪದ ಔಷಧಿಗೆ ಅದು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ.

ಅಚ್ಚು ಬೀಳೋದು ಹೊರಗಿನ ಫಿಲ್ಮಿನ ಒಳಮೈ ಮೇಲೆ, ಉಲ್ಟಾ. ಮೊದಲು ಬಣ್ಣಗಳು, ಕೊನೆಗೆ ಬಿಳಿ ಇಂಕು. ಆಮೇಲೆ ಲೋಹದ ಪದರ ಅಂಟಿಸ್ತಾರೆ. ಬಣ್ಣದ ಹಿಂದೆ ಬಿಳಿ ಇದ್ದರೆ ಅದು ಕಾಗದದ ಮೇಲಿನ ಹಾಗೇ ಕಾಣುತ್ತೆ. ಬಿಳಿ ತೆಗೆದ ಕಡೆ ಹಿಂದಿನ ಲೋಹ ಇಣುಕುತ್ತೆ. ಹಳದಿ ಚಿನ್ನವಾಗುತ್ತೆ, ಕೆಂಪು ತಾಮ್ರದ ಕಡೆ ವಾಲುತ್ತೆ, ಏನೂ ಇಲ್ಲದ ಕಡೆ ಬೆಳ್ಳಿ. ಡಿಸೈನರ್‌ಗಳಿಗೆ ಇದು ಭಾರೀ ಇಷ್ಟದ ಆಟ. ದುಬಾರಿ ಮೆಟಾಲಿಕ್ ಇಂಕು ಬೇಡ, ಬಿಳಿ ತೆಗೆದರೆ ಸಾಕು, ಪೊಟ್ಟಣ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮದುವೆ ಮನೆ ಥರ ಮಿಂಚುತ್ತೆ. ಮುಂಬದಿಯಲ್ಲಿ ಕಂಪನಿ ಹೆಸರಿಗೆ, ಹುಳದ ಚಿತ್ರಕ್ಕೆ ಏನು ಬೇಕಾದರೂ ಮಾಡ್ಕೊಳ್ಳಲಿ. ಆದರೆ ಈ ಆಟ ಹಿಂಬದಿಗೂ ಹಬ್ಬಿಬಿಡುತ್ತೆ.

ಈಗ ಪ್ರೂಫಿಗೆ ಬನ್ನಿ. ಪರದೆಯ ಮೇಲೆ ಲೋಹ ಅನ್ನೋ ಬಣ್ಣವೇ ಇಲ್ಲ. ಬೂದು ಬಣ್ಣವನ್ನ ಹಗುರದಿಂದ ದಟ್ಟಕ್ಕೆ ಹರಡಿ ‘ಇದು ಬೆಳ್ಳಿ’ ಅಂತ ನಂಬಿಸ್ತಾರೆ. ಬೂದಿನ ಮೇಲೆ ಕಪ್ಪು ಅಕ್ಷರ ಚೆನ್ನಾಗೇ ಕಾಣುತ್ತೆ. ಅದನ್ನೇ ಬಿಳಿ ಕಾಗದದ ಮೇಲೆ ಪ್ರಿಂಟ್ ತೆಗೆದು ತೋರಿಸ್ತಾರೆ, ಅಲ್ಲೂ ಕಾಣುತ್ತೆ. ನಿಜವಾದ ಲೋಹಕ್ಕೆ ಸ್ವಂತ ಬಣ್ಣ ಇಲ್ಲ, ಎದುರಿಗೆ ಏನಿದೆಯೋ ಅದೇ ಅದರ ಬಣ್ಣ. ಕತ್ತಲ ಮೂಲೆಯ ಕಡೆ ಹಿಡಿದರೆ ಕಪ್ಪಾಗಿ ಕಪ್ಪು ಅಕ್ಷರವನ್ನ ನುಂಗುತ್ತೆ. ಆಕಾಶಕ್ಕೆ ಹಿಡಿದರೆ ಬೆಳ್ಳಗೆ ಉರಿದು ಬಿಳಿ ಅಕ್ಷರವನ್ನ ನುಂಗುತ್ತೆ. ಬಣ್ಣ ಅಳೆಯೋ ಯಂತ್ರಕ್ಕೂ ಇದು ದಕ್ಕಲ್ಲ. ಪ್ರೆಸ್ಸುಗಳಲ್ಲಿ ಸಾಮಾನ್ಯವಾಗಿ ಇರೋ ಯಂತ್ರ 45 ಡಿಗ್ರಿಯಲ್ಲಿ ಬೆಳಕು ಬಿಟ್ಟು ನೇರ ಮೇಲಿಂದ ಅಳೆಯುತ್ತೆ. ಕನ್ನಡಿಯಂಥ ಮೈ ಮೇಲೆ ಬಿದ್ದ ಬೆಳಕು ಆ ಕಡೆ ಹಾರಿಹೋಗುತ್ತೆ, ಯಂತ್ರ ‘ಇದು ಕಪ್ಪು’ ಅಂತ ವರದಿ ಕೊಡುತ್ತೆ. ಪ್ರೆಸ್ಸಿನವರು ಬಣ್ಣ ನೋಡೋಕೆ 5000 ಕೆಲ್ವಿನ್ ಬೆಳಕಿನ ಪೆಟ್ಟಿಗೆ ಇಟ್ಕೊಂಡಿರ್ತಾರೆ, ಕಾಗದಕ್ಕೆ ಅದು ಸರಿಯೇ. ಹೊಳೆಯೋ ಪೌಚನ್ನ ಒಪ್ಪಬೇಕಾದರೆ ಹೊರಗೆ ಬಂದು, ಹನ್ನೊಂದು ಗಂಟೆ ಬಿಸಿಲಲ್ಲಿ, ತೋಳಿನಷ್ಟು ದೂರ ಹಿಡಿದು, ನಾಲ್ಕು ಕಡೆ ವಾಲಿಸಿ ಓದಬೇಕು. ಬದುವಿನ ಮೇಲೆ ನಿಂತವನು ಓದೋದು ಹಾಗೇ ತಾನೆ?

ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹಳೇ ಜೋಕಿದೆ, ನಿಮಗೆಲ್ಲ ಗೊತ್ತು: “ನನ್ನ ಮಷೀನಲ್ಲಿ ವರ್ಕ್ ಆಗ್ತಿದೆಯಲ್ಲ!” ಹಾಗಂದವನಿಗೆ ನಾವು ಸ್ಟ್ಯಾಂಡಪ್‌ನಲ್ಲಿ ನಗ್ತೀವಿ, ಹೋಗಿ ಸ್ಟೇಜಿಂಗಿನಲ್ಲಿ ಹಾಕಿ ತೋರ್ಸಪ್ಪ ಅಂತೀವಿ. ಒಂದು ಬಟನ್ನಿನ ಬಣ್ಣ ಬದಲಾದರೂ ಆರು ಫೋನಿನಲ್ಲಿ ಟೆಸ್ಟ್ ಮಾಡೋ ಜನ, ವಿಷದ ಪೊಟ್ಟಣವನ್ನ ನೇರ ಪ್ರೊಡಕ್ಷನ್ನಿಗೆ ಬಿಡ್ತಾರೆ. ನಾವು ಮಾಡಿದ ಆ ಅಪ್ರೂವಲ್ ಸಾಫ್ಟ್‌ವೇರಿನಲ್ಲಿ ಒಂದು ಆರ್ಟ್‌ವರ್ಕಿಗೆ ಏಳು ಜನರ ಟಿಕ್ ಮಾರ್ಕ್ ಬೇಕಿತ್ತು. ಮಾರ್ಕೆಟಿಂಗ್, ಲೀಗಲ್, ರೆಗ್ಯುಲೇಟರಿ, ಇನ್ನೂ ಯಾರ್ಯಾರೋ. ಏಳೂ ಜನ ನೋಡ್ತಿದ್ದದ್ದು ಪಿಡಿಎಫ್. ‘ಲ್ಯಾಮಿನೇಟ್ ಸ್ಯಾಂಪಲ್ ನೋಡಿದ್ದೇನೆ’ ಅನ್ನೋ ಎಂಟನೇ ಪೆಟ್ಟಿಗೆ ಸೇರಿಸಬಹುದಲ್ಲ ಅಂತ ಕೇಳಿದ್ದಕ್ಕೆ ಬಂದ ಉತ್ತರ: ಕ್ಲೈಂಟ್ ಕೇಳಿಲ್ಲ.

ಬಾರ್‌ಕೋಡಿಗೆ ಮಾತ್ರ ಯಾಕೆ ಬಿಳಿ ಚೌಕ ಸಿಕ್ತು ಗೊತ್ತಾ? ಯಾಕಂದ್ರೆ ಅದು ಓದೋಕಾಗದಿದ್ದರೆ ಗೋಡೌನಿನಲ್ಲಿ, ಅಂಗಡಿಯ ಬಿಲ್ಲಿಂಗ್‌ನಲ್ಲಿ ಮಾಲು ನಿಲ್ಲುತ್ತೆ. ಬರಿ ಫಾಯಿಲಿನ ಮೇಲೆ ಬಾರ್‌ಕೋಡ್ ಹಾಕಿದರೆ ಸ್ಕ್ಯಾನರಿನ ಕೆಂಪು ಬೆಳಕು ಚೆಲ್ಲಾಪಿಲ್ಲಿಯಾಗುತ್ತೆ ಅಂತ ಪ್ಯಾಕೇಜಿಂಗ್‌ನವರಿಗೆಲ್ಲ ಗೊತ್ತು. ಅದಕ್ಕೇ ಹಿಂದೆ ಗಟ್ಟಿ ಬಿಳಿ. ಅಷ್ಟೇ ಅಲ್ಲ, ಅಚ್ಚಾದ ಮೇಲೆ ಅದರ ಗುಣಮಟ್ಟ ಅಳೆದು ಎ, ಬಿ, ಸಿ ಅಂತ ದರ್ಜೆ ಕೊಡೋಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 15416. ಎಫ್ ಬಂದರೆ ಫೇಲ್. ನಿಜವಾದ ಪೌಚಿನ ಮೇಲೆಯೇ ಪರೀಕ್ಷೆ, ಕಾಗದದ ಮೇಲಲ್ಲ. ಅಂದರೆ ಲೋಹದ ಮೇಲಿನ ಅಚ್ಚನ್ನ ಹೇಗೆ ಪರೀಕ್ಷಿಸಬೇಕು ಅನ್ನೋದು ಇವರಿಗೆ ಚೆನ್ನಾಗಿ ಗೊತ್ತಿದೆ. ಯಂತ್ರ ಓದಬೇಕಾದ ಗೆರೆಗಳಿಗೆ ಅಷ್ಟು ಮರ್ಯಾದೆ. ಮನುಷ್ಯ ಓದಬೇಕಾದ ‘ಲೀಟರಿಗೆ 0.4 ಗ್ರಾಂ’ಗೆ ಅದರ ಪಕ್ಕದಲ್ಲೇ, ಅದೇ ಪೌಚಿನ ಮೇಲೆ, ಒಂದು ಬಿಳಿ ಪಟ್ಟಿಗೂ ಗತಿಯಿಲ್ಲ.

ಕಾನೂನು ಏನೂ ಹೇಳಲ್ಲ ಅಂತಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲು, ಒಳಗಿನ ಕರಪತ್ರ ಎರಡೂ ಹಿಂದಿ, ಇಂಗ್ಲಿಷ್ ಜೊತೆಗೆ ಮಾರಾಟವಾಗೋ ಕಡೆಯ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಇರಬೇಕು. ಲೇಬಲ್ಲಿನ ಮುಖದ ಹದಿನಾರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ವಜ್ರಾಕಾರದ ಗುರುತು ಇರಬೇಕು. ಅದರ ಕೆಳಗಿನ ತ್ರಿಕೋನ ಕಡು ವಿಷಕ್ಕೆ ಕೆಂಪು, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅಕ್ಷರ ಬಾರದವನಿಗೂ ತಿಳಿಯಲಿ ಅಂತ ಮಾಡಿದ ಒಳ್ಳೆಯ ಏರ್ಪಾಡು. ನಿಯಮದಲ್ಲಿರೋದು ‘ಉಜ್ವಲ’ ಬಣ್ಣ ಅಂತ. ಹಿಂದೆ ಬಿಳಿ ಹಾಕದೆ ಲೋಹದ ಮೇಲೆ ಹಾಕಿದ ಹಳದಿ ಚಿನ್ನದ ಪದಕದ ಥರ ಕಾಣುತ್ತೆ. ವಿಷಕ್ಕೆ ಮೆಡಲ್ ಕೊಟ್ಟಂಗೆ. ಇನ್ನು ಪೊಟ್ಟಣದ ಸರಕುಗಳಿಗೆ 2011ರಲ್ಲಿ ಬಂದ ಕಾನೂನು ಮಾಪನ ನಿಯಮಗಳಿವೆ. ಅಕ್ಷರ ಕನಿಷ್ಠ 1 ಮಿಲಿಮೀಟರ್ ಎತ್ತರ ಇರಬೇಕು, ಬೆಲೆ ಮತ್ತು ತೂಕದ ಅಂಕಿ ಹಿನ್ನೆಲೆಗೆ ಎದ್ದು ಕಾಣೋ ಬಣ್ಣದಲ್ಲಿರಬೇಕು ಅನ್ನುತ್ತೆ. ಯಾವ ಭಾಷೆ? ಹಿಂದಿ ಇಲ್ಲವೇ ಇಂಗ್ಲಿಷ್. ಬೇರೆ ಭಾಷೆ ಬೇಕಿದ್ದರೆ ಹೆಚ್ಚಿಗೆ ಹಾಕ್ಕೊಳ್ಳಿ. ಯಾವ ಬೆಳಕಲ್ಲಿ ಎದ್ದು ಕಾಣಬೇಕು, ಯಾವ ಕೋನದಲ್ಲಿ, ಅನ್ನೋ ಮಾತೇ ಇಲ್ಲ.

1 ಮಿಲಿಮೀಟರ್ ಇಂಗ್ಲಿಷಿಗೆ ಸಾಕಾಗಬಹುದು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ‘ಎಚ್ಚರಿಕೆ’ ಅನ್ನೋ ಪದದಲ್ಲೇ ಒತ್ತಿದೆ ನೋಡಿ. ಒತ್ತನ್ನೂ ಸೇರಿಸಿ ಅಳತೆ ಮಾಡಿದರೆ ಮೂಲ ಅಕ್ಷರಕ್ಕೆ ಉಳಿಯೋದು ಅರ್ಧ ಮಿಲಿಮೀಟರಿನ ಆಸುಪಾಸು. ಈ ಪೌಚುಗಳು ಹೆಚ್ಚಾಗಿ ಅಚ್ಚಾಗೋದು ಗ್ರಾವ್ಯೂರ್ ಯಂತ್ರದಲ್ಲಿ. ಒಂದೊಂದು ಬಣ್ಣಕ್ಕೆ ಒಂದೊಂದು ತಾಮ್ರ ಹೊದಿಸಿದ ಸಿಲಿಂಡರ್, ಅದರಲ್ಲಿ ವಜ್ರದ ಮೊನೆಯಿಂದ ಕೆತ್ತಿದ ಸಣ್ಣ ಸಣ್ಣ ಗುಳಿಗಳು, ಗುಳಿಗಳಲ್ಲಿ ಇಂಕು. ಹೀಗೆ ಗುಳಿಗಳಿಂದ ಆದ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗಿರುತ್ತೆ. ದೊಡ್ಡ ಅಕ್ಷರದಲ್ಲಿ ಗೊತ್ತಾಗಲ್ಲ. ದುಂಡಗಿನ ಪುಟಾಣಿ ಕನ್ನಡದ ಒತ್ತು ಅದರಲ್ಲಿ ಕಲೆಯಾಗಿ ಕೂತುಬಿಡುತ್ತೆ. ಅದರ ಮೇಲೆ ಹಿಂದಿನ ಲೋಹದ ಹೊಳಪು.

ಇದಕ್ಕೆ ನಮ್ಮ ಸಾಫ್ಟ್‌ವೇರಿನ ಕಾಣಿಕೆಯೂ ಇದೆ. ಅನುವಾದ ಹಳೇ ನುಡಿ, ಬರಹ ಫಾಂಟಿನಲ್ಲಿ ಬಂದಿದ್ದರೆ ಡಿಸೈನರಿನ ಕಂಪ್ಯೂಟರಿನಲ್ಲಿ ಅದು ಟೊಪ್ಪಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳಾಗುತ್ತೆ. ಯೂನಿಕೋಡಿನಲ್ಲಿ ಬಂದರೂ ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಮಾಡಿರದಿದ್ದರೆ ‘ಎಚ್ಚರಿಕೆ’ ಹೋಗಿ ‘ಎಚ್‌ಚರಿಕೆ’ ಆಗುತ್ತೆ, ಒತ್ತುಗಳೆಲ್ಲ ಸಾಲಾಗಿ ಎದ್ದು ನಿಲ್ತವೆ. ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಕೂತ, ಕನ್ನಡ ಓದಲು ಬಾರದ ಡಿಸೈನರಿಗೆ ಎರಡೂ ಒಂದೇ ಚಿತ್ರ. ಆಮೇಲೆ ಫಾಂಟ್ ತೊಂದರೆ ಬರದಿರಲಿ ಅಂತ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡಿಬಿಡ್ತಾನೆ. ಅಲ್ಲಿಗೆ ಅದು ಅಕ್ಷರವೇ ಅಲ್ಲ, ಬರೀ ಗೆರೆ. ಹುಡುಕೋಕಾಗಲ್ಲ, ಕಾಪಿ ಮಾಡಿ ಪರೀಕ್ಷಿಸೋಕಾಗಲ್ಲ. ಮನುಷ್ಯನ ಕಣ್ಣೊಂದೇ ಗತಿ. ಆ ಕಣ್ಣಿಗೆ ಕನ್ನಡ ಬರಬೇಕು ಅನ್ನೋ ಷರತ್ತು ಎಷ್ಟು ಕಂಪನಿಯಲ್ಲಿದೆ?

ನಮ್ಮೂರಲ್ಲಿ ಲಗ್ನಪತ್ರಿಕೆಯ ಪ್ರೂಫ್ ನೋಡೋದನ್ನ ಒಮ್ಮೆ ನೆನಪಿಸ್ಕೊಳ್ಳಿ. ಪ್ರೆಸ್ಸಿನಿಂದ ಹಾಳೆ ಬಂತು ಅಂದರೆ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಸೇರ್ತಾರೆ. ಸೋದರಮಾವನ ಹೆಸರು ಬಿಟ್ಟಿದೆಯಾ, ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಮೇಲೆ ಬಂದಿದೆಯಾ, ಮುಹೂರ್ತದ ಗಳಿಗೆ ಸರಿಯಿದೆಯಾ. ಚಿನ್ನದ ಫಾಯಿಲಿನಲ್ಲಿ ಒತ್ತಿದ ‘ಶ್ರೀ’ಯ ಸುರುಳಿ ಮುಚ್ಚಿಹೋಗಿದ್ದರೆ ಅಜ್ಜಿ ಕಾರ್ಡು ವಾಪಸ್ ಕಳಿಸ್ತಾಳೆ. ಒಂದು ದಿನದ ಊಟಕ್ಕೆ ಕರೆಯೋ ಕಾಗದಕ್ಕೆ ಇಷ್ಟು ಕಣ್ಣು. ಇನ್ನೂ ಹಿಂದೆ ಹೋದರೆ, ಲೋಹದ ಮೇಲೆ ಬರೆಯೋದು ಈ ನಾಡಿಗೆ ಹೊಸದೂ ಅಲ್ಲ. ಎಷ್ಟೋ ತಾಮ್ರಶಾಸನಗಳ ಕೊನೆಯಲ್ಲಿ ಬರೆದವನ, ಕೆತ್ತಿದವನ ಹೆಸರಿರುತ್ತೆ. ಜವಾಬ್ದಾರಿ ಯಾರದು ಅಂತ ಸಾವಿರ ವರ್ಷ ಆದರೂ ಗೊತ್ತಾಗುತ್ತೆ. ಈ ಪೌಚಿನ ಕನ್ನಡವನ್ನ ಪಾಸ್ ಮಾಡಿದ್ದು ಯಾರು ಅಂತ ಕಂಪನಿಯೊಳಗೆ ಕೇಳಿ ನೋಡಿ, ಏಜೆನ್ಸಿ ಅಂತಾರೆ. ಏಜೆನ್ಸಿಯವರನ್ನ ಕೇಳಿದರೆ ಅನುವಾದಕರು ಅಂತಾರೆ. ಅನುವಾದಕರು ಪೌಚನ್ನ ಕಣ್ಣಲ್ಲೇ ನೋಡಿರಲ್ಲ.

ಈ ವಿಷಯ ಎತ್ತಿದಾಗಲೆಲ್ಲ ಬೆಂಗಳೂರಿನ ಗೆಳೆಯರು ಹೇಳೋ ಮಾತು ಒಂದೇ: ರೈತರು ಎಲ್ಲಿ ಓದ್ತಾರೆ ಗುರು? ಓದೋಕಾಗದ ಹಾಗೆ ಅಚ್ಚು ಹಾಕಿ ಆಮೇಲೆ ಓದಲ್ಲ ಅನ್ನೋದು, ಬಾವಿಗೆ ಹಗ್ಗ ಕೊಡದೆ ನೀರು ಸೇದಲಿಲ್ಲ ಅಂದಂಗಾಯ್ತು. ಒಳಗೆ ಕರಪತ್ರ ಇರುತ್ತಲ್ಲ ಅನ್ನೋರೂ ಇದ್ದಾರೆ. ಇರುತ್ತೆ, ತೆಳ್ಳನೆ ಕಾಗದ, ಹಲವು ಭಾಷೆ, ಎಂಟು ಮಡಿಕೆ. ಪೊಟ್ಟಣ ಕತ್ತರಿಸಿದ ಮೊದಲ ದಿನವೇ ಒದ್ದೆ ಕೈಗೆ ಸಿಕ್ಕಿ ಮುದ್ದೆಯಾಗುತ್ತೆ. ಎರಡನೇ ಸಲ ಔಷಧಿ ಹೊಡೆಯೋ ಹೊತ್ತಿಗೆ ಉಳಿದಿರೋದು ಪೌಚು ಮಾತ್ರ. ಇನ್ನು ನಮ್ಮ ಜಾತಿಯವರ, ಅಂದರೆ ಟೆಕ್ಕಿಗಳ ರಾಮಬಾಣ: ಕ್ಯೂಆರ್ ಕೋಡ್ ಹಾಕಿಬಿಡಿ! ಅದನ್ನೂ ಹೊಳಪಿನ ಮೇಲೆ ಬಿಳಿಯಿಲ್ಲದೆ ಹಾಕಿದರೆ ಫೋನಿನ ಕ್ಯಾಮೆರಾ ನೋಡೋದು ಸೂರ್ಯನನ್ನೇ. ಬಿಳಿ ಹಾಕಿ ಸರಿ ಮಾಡ್ತೀರಾ? ಹಾಗಿದ್ರೆ ಅದೇ ಬಿಳಿಯ ಮೇಲೆ ಆ ಒಂದು ಸಾಲು ಕನ್ನಡ ಬರೆದುಬಿಡಿ ಸ್ವಾಮಿ.

ಖರ್ಚಿನ ಮಾತಿಗೆ ಬರೋಣ. ಸಿಲಿಂಡರ್ ಕೆತ್ತೋದು ದುಬಾರಿ, ನಿಜ. ಕೆತ್ತಿದ ಮೇಲೆ ತಪ್ಪು ಕಂಡರೆ ಇನ್ನೂ ದುಬಾರಿ, ಅದಕ್ಕೇ ಯಾರೂ ಕಾಣೋಕೆ ಹೋಗಲ್ಲ. ಆದರೆ ಕೆತ್ತೋ ಮೊದಲೇ, ಬಿಳಿ ಇಂಕು ಇರೋ ಪ್ರೂಫಿಂಗ್ ಇಂಕ್‌ಜೆಟ್‌ನಲ್ಲಿ ನಿಜವಾದ ಫಿಲ್ಮಿನ ಮೇಲೆ ಒಂದೆರಡು ಮಾದರಿ ತೆಗೆಯಬಹುದು. ಕೆತ್ತಿದ ಮೇಲೆ ಪ್ರೂಫ್ ಪ್ರೆಸ್ಸಿನಲ್ಲಿ ನಾಲ್ಕು ಮೀಟರ್ ಓಡಿಸಿ, ಲೋಹ ಅಂಟಿಸಿ ನೋಡಬಹುದು. ಎರಡೂ ಹೊಸ ತಂತ್ರಜ್ಞಾನವಲ್ಲ, ಶಾಂಪೂ, ಚಾಕೊಲೇಟ್ ಕಂಪನಿಗಳು ತಮ್ಮ ಬ್ರ್ಯಾಂಡಿನ ಬಣ್ಣ ಒಂದೆಳೆ ಆಚೀಚೆ ಆಗಬಾರದು ಅಂತ ಮಾಡಿಸೋ ಕೆಲಸಗಳೇ. ಲಕ್ಷಗಟ್ಟಲೆ ಪೌಚು ಅಚ್ಚಾಗೋ ಕಡೆ ನಾಲ್ಕು ಮೀಟರ್ ಫಿಲ್ಮಿನ ಲೆಕ್ಕ ಹೇಳೋಕೆ ನಾಚಿಕೆಯಾಗಬೇಕು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ತಗುಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದನ್ನೆಲ್ಲ ತಂದು ಅಚ್ಚಿನ ತಲೆಗೆ ಕಟ್ಟೋದು ನ್ಯಾಯವಲ್ಲ. ಮಿಶ್ರಣಗಳಿದ್ದವು, ರಕ್ಷಣೆಯ ಬಟ್ಟೆ ಇರಲಿಲ್ಲ, ಕಾರಣ ಹತ್ತಾರು. ಆದರೆ ಮೈಗೆ ವಿಷ ತಗುಲಿದವನ ಜೊತೆಗಿದ್ದ ಹುಡುಗ ಮೊದಲು ಕೈಗೆತ್ತಿಕೊಳ್ಳೋದು ಆ ಪೌಚನ್ನೇ. ವಾಂತಿ ಮಾಡಿಸಬೇಕೋ ಮಾಡಿಸಬಾರದೋ, ಡಾಕ್ಟರಿಗೆ ಹೇಳಬೇಕಾದ ಪ್ರತಿವಿಷ ಯಾವುದು, ಎಲ್ಲ ಅಲ್ಲೇ ಇರೋದು.

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತು, ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಎಂ.ಜಿ. ರಸ್ತೆಯ ಬೋರ್ಡನ್ನ ಟೇಪು ಹಿಡಿದು ಅಳೆಯೋರಿದ್ದಾರೆ. ಗೊಬ್ಬರದಂಗಡಿಯ ಕಪಾಟಿಗೆ ಯಾರೂ ಬರಲ್ಲ. ಅಲ್ಲಿ ಕನ್ನಡ ಎಷ್ಟು ಪರ್ಸೆಂಟ್ ಅನ್ನೋದು ನನಗೆ ಮುಖ್ಯವೂ ಅಲ್ಲ. ಪ್ರಮಾಣ, ಎಚ್ಚರಿಕೆ, ಪ್ರಥಮ ಚಿಕಿತ್ಸೆ ಈ ಮೂರರ ಹಿಂದೆ ಕಡ್ಡಾಯವಾಗಿ ಬಿಳಿ ಇಂಕು ಇರಲಿ. ‘ಲೀಟರಿಗೆ 0.4 ಗ್ರಾಂ’ ಅನ್ನೋ ಬದಲು ‘10 ಲೀಟರಿಗೆ 4 ಗ್ರಾಂ’ ಅಂತ ಬರೆಯಲಿ, ಚುಕ್ಕೆಯ ಕಾಟವೇ ತಪ್ಪುತ್ತೆ. ಅನುಮೋದನೆಗೆ ಕಳಿಸೋ ಲೇಬಲ್ಲಿನ ಜೊತೆ ಪಿಡಿಎಫ್ ಅಲ್ಲದೆ ನಿಜವಾದ ಲ್ಯಾಮಿನೇಟಿನ ತುಂಡು ಲಗತ್ತಿಸಬೇಕು ಅನ್ನೋ ಒಂದು ಸಾಲು ನಿಯಮಕ್ಕೆ ಸೇರಲಿ. ಅದನ್ನ ಕನ್ನಡ ಬರೋ ಒಬ್ಬರು, ಡಿಸೈನ್ ಮಾಡಿದವರಲ್ಲದ ಒಬ್ಬರು, ಬಿಸಿಲಲ್ಲಿ ನಿಂತು ಗಟ್ಟಿಯಾಗಿ ಓದಿ ಹೆಸರು ಬರೆದು ಸಹಿ ಹಾಕಲಿ.

ಇದನ್ನ ಓದ್ತಿರೋರಲ್ಲಿ ಯಾರಾದರೂ ಅಗ್ರಿ ಕಂಪನಿಯ ಬ್ರ್ಯಾಂಡ್ ಟೀಮಿನಲ್ಲೋ ಪ್ಯಾಕೇಜಿಂಗ್ ಏಜೆನ್ಸಿಯಲ್ಲೋ ಇದ್ದೇ ಇರ್ತೀರಿ. ಮುಂದಿನ ಸಲ ‘ದಯವಿಟ್ಟು ಇವತ್ತೇ ಅಪ್ರೂವ್ ಮಾಡಿ’ ಅಂತ ಮೇಲ್ ಬಂದಾಗ ಒಂದೇ ಸಾಲು ಉತ್ತರ ಕೊಡಿ: ಫಿಲ್ಮಿನ ಮೇಲೆ ತೆಗೆದದ್ದು ಕಳಿಸಿ, ಹೊರಗೆ ಹೋಗಿ ಓದಿ ಹೇಳ್ತೀನಿ. ಮೆಕ್ಕೆಜೋಳ ಬಿತ್ತೋದು ಜೂನ್‌ನಲ್ಲಿ, ಹುಳು ಕಾಣೋದು ಪೈರು ಮೊಣಕಾಲೆತ್ತರ ಬರೋ ಮೊದಲೇ. ಆಗ ಅಂಗಡಿಗೆ ಬರೋ ಪೊಟ್ಟಣದ ಸಿಲಿಂಡರ್ ಅದಕ್ಕೂ ಎಷ್ಟೋ ತಿಂಗಳ ಮೊದಲೇ ಕೆತ್ತನೆಗೆ ಹೋಗಿರುತ್ತೆ.